ಲಿವರ್ ಆ್ಯಕ್ಷನ್ ಶಿಕಾರಿ ರೈಫಲ್‌ಗೆ ದೊಡ್ಡ ಬೋರಿನ ತೋಟಾ ಆಯ್ದುಕೊಳ್ಳುವುದು ಹೇಗೆ?

ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿ, ಅಲ್ಲಿನ ಪರವಾನಗಿ ಪಡೆದು, ಹಂಗಾಮು ಬಂದಾಗ ಶಿಕಾರಿಗೆ ಹೋಗುವ ಕನ್ನಡಿಗರಿಗಾಗಿ ಈ ಲೇಖನ ಬರೆದಿದ್ದೇನೆ. ನಮ್ಮ ನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಜವಾದರೂ ಅದು ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳಲು ಮತ್ತು ಹಿಡಿದು ಓಡಾಡಲು ಇರುವ ವಿನಾಯಿತಿಯೇ ಹೊರತು ಪ್ರಾಣಿಯನ್ನು ಹೊಡೆಯಲು ಇರುವ ಅನುಮತಿಯಲ್ಲ. ಆದ್ದರಿಂದ ಮುಂದೆ ಬರುವ ಪ್ರತಿ ಮಾತೂ ಉತ್ತರ ಅಮೆರಿಕದ ಕಾಡು, ಅಲ್ಲಿನ ಪ್ರಾಣಿ ಮತ್ತು ಅಲ್ಲಿನ ಕಾನೂನಿಗೆ ಸಂಬಂಧಿಸಿದ್ದು.

ನಾನು ಶಿಕಾರಿ ಕಲಿತದ್ದು ವಾಷಿಂಗ್ಟನ್ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಗಡಿಯಿಂದ ಹೊರಗಿರುವ ಕಾಡುಗಳಲ್ಲಿ. ಸದಾ ತೊಟ್ಟಿಕ್ಕುವ ಮರಗಳು, ಸೊಂಟದೆತ್ತರದ ಜರೀಗಿಡ, ಬಿದ್ದ ದಿಮ್ಮಿಗಳ ಮೇಲೆ ಹಬ್ಬಿದ ಹಾವಸೆ ಇವುಗಳನ್ನು ನೋಡಿದರೆ ಆಗುಂಬೆಯ ಮಳೆಗಾಲ ನೆನಪಾಗುತ್ತದೆ. ಇಂಥ ಕಡೆ ಎಲ್ಕ್ ಎಂಬ ಭಾರಿ ಜಿಂಕೆ ಕಣ್ಣಿಗೆ ಬೀಳುವುದು ನಲವತ್ತು, ಹೆಚ್ಚೆಂದರೆ ಎಂಬತ್ತು ಗಜ ದೂರದಲ್ಲಿ, ಅದೂ ಎರಡು ಮರಗಳ ನಡುವೆ ಕೆಲವೇ ಕ್ಷಣ. ಟ್ರಿಗರಿನ ಬಳಿಯ ಹಿಡಿಯನ್ನು ಕೆಳಗೆಳೆದು ಮುಂದಿನ ತೋಟಾ ತುಂಬುವ, ಗಿಡ್ಡ ನಳಿಗೆಯ, ಬೇಗ ಹೆಗಲೇರುವ ಲಿವರ್ ಆ್ಯಕ್ಷನ್ ರೈಫಲ್ ಇಲ್ಲಿ ತನ್ನ ಮನೆಯಲ್ಲಿದ್ದ ಹಾಗೆ ಇರುತ್ತದೆ. ಅದಕ್ಕೆ ಯಾವ ತೋಟಾ ಎಂಬ ಪ್ರಶ್ನೆಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ಡಬ್ಬಿಯ ಮೇಲೆ ಅತಿ ದೊಡ್ಡ ಅಂಕಿ ಇರುವ ತೋಟಾ. ಅದು ತಪ್ಪು ದಾರಿ. ನಿಮ್ಮ ಕೈಗೆ ನಿಲುಕುವ ದೂರವೆಷ್ಟು, ಮದ್ದು ಉರಿದಾಗ ಹುಟ್ಟುವ ಒತ್ತಡವನ್ನು ನಿಮ್ಮ ರೈಫಲ್ ಎಷ್ಟು ತಾಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಂಡರೆ, ಉಳಿದ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಮೊದಲು ದೂರವನ್ನು ಅಳೆಯಿರಿ

ಎಂಟು ಅಂಗುಲ ಅಗಲದ ಕಾಗದದ ತಟ್ಟೆಯನ್ನು ಐವತ್ತು ಗಜ ದೂರದಲ್ಲಿ ನಿಲ್ಲಿಸಿ. ಮೇಜಿಗೋ ಮರಕ್ಕೋ ಆತುಕೊಳ್ಳದೆ, ನಿಂತುಕೊಂಡು, ಐದು ಗುಂಡು ಹಾರಿಸಿ. ಐದೂ ತಟ್ಟೆಯೊಳಗೆ ಬಿದ್ದರೆ ಎಪ್ಪತ್ತೈದು ಗಜಕ್ಕೆ, ಅಲ್ಲಿಂದ ನೂರು ಗಜಕ್ಕೆ ಸರಿಯಿರಿ. ಒಂದು ಗುಂಡು ತಟ್ಟೆಯ ಹೊರಗೆ ಬಿದ್ದ ದೂರಕ್ಕಿಂತ ಈಚೆಯೇ ಸದ್ಯಕ್ಕೆ ನಿಮ್ಮ ಮಿತಿ, ಏಕೆಂದರೆ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಹೆಚ್ಚುಕಡಿಮೆ ಆ ತಟ್ಟೆಯಷ್ಟೇ ಇರುತ್ತದೆ. ನಾನು ಮೊದಲ ಸಲ ಈ ಪರೀಕ್ಷೆ ಮಾಡಿಕೊಂಡಾಗ ಎಪ್ಪತ್ತೈದು ಗಜದಲ್ಲಿ ಎರಡು ಗುಂಡು ತಟ್ಟೆಯ ಅಂಚನ್ನೂ ಮುಟ್ಟಲಿಲ್ಲ. ಆ ವರ್ಷ ಅರವತ್ತು ಗಜಕ್ಕಿಂತ ಆಚೆ ನಿಂತ ಪ್ರಾಣಿಗೆ ನಾನು ಗುರಿ ಹಿಡಿಯಲಿಲ್ಲ.

ಈ ಮಿತಿ ಗೊತ್ತಾದ ಮೇಲೆ ದೊಡ್ಡ ಬೋರಿನ, ಅಂದರೆ ಅಗಲ ನಳಿಗೆಯ, ತೋಟಾಗಳ ಮೇಲೆ ಸಾಮಾನ್ಯವಾಗಿ ಹೊರಿಸುವ ದೂರು, ಅಂದರೆ ಗುಂಡು ಬೇಗ ಕೆಳಗಿಳಿಯುತ್ತದೆ ಎಂಬ ದೂರು, ಎಷ್ಟು ಮುಖ್ಯ ಎಂದು ತಿಳಿಯುತ್ತದೆ. ಹಳೆಯ ಮಾದರಿಯ .45-70 ತೋಟಾ (ಈ ಅಂಕಿಗಳ ಅರ್ಥ ಮುಂದೆ ಬರುತ್ತದೆ) 405 ಗ್ರೇನ್ (ಗುಂಡು ಮತ್ತು ಮದ್ದನ್ನು ತೂಗುವ ಸಣ್ಣ ಅಳತೆ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 1330 ಅಡಿ ವೇಗದಲ್ಲಿ ಕಳಿಸುತ್ತದೆ. ಅದನ್ನು ನೂರು ಗಜಕ್ಕೆ ಸರಿಹೊಂದಿಸಿದರೆ ಇನ್ನೂರು ಗಜ ತಲುಪುವಷ್ಟರಲ್ಲಿ ಸುಮಾರು ಎರಡು ಅಡಿ ಕೆಳಗಿಳಿದಿರುತ್ತದೆ. ಹಾರ್ನಡಿ ಕಂಪನಿಯ 325 ಗ್ರೇನ್‌ನ ಮೆತ್ತನೆ ಮೊನೆಯ ಗುಂಡು ಸೆಕೆಂಡಿಗೆ 2050 ಅಡಿ ವೇಗದಲ್ಲಿ ಹೊರಡುತ್ತದೆ. ನೂರು ಗಜದಲ್ಲಿ ಮೂರು ಅಂಗುಲ ಮೇಲೆ ಬೀಳುವಂತೆ ಸರಿಹೊಂದಿಸಿದರೆ ಇನ್ನೂರರಲ್ಲಿ ಅದು ಸುಮಾರು ನಾಲ್ಕು ಅಂಗುಲ ಕೆಳಗಿರುತ್ತದೆ, ಮುನ್ನೂರರಲ್ಲಿ ಎರಡು ಅಡಿಗೂ ಹೆಚ್ಚು. ಎಂಬತ್ತು ಗಜದೊಳಗೆ ಶಿಕಾರಿ ಮಾಡುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಬಯಲಿನಲ್ಲಿ ಇನ್ನೂರು ಗಜಕ್ಕೆ ನಿಜಕ್ಕೂ ಗುಂಡು ಹಾರಿಸಬಲ್ಲವರಿಗೆ ಮಾತ್ರ ಅದು ಮುಖ್ಯ.

ಪ್ರಾಣಿ ಯಾವುದೆಂಬುದನ್ನೂ ಇಲ್ಲಿಯೇ ನಿರ್ಧರಿಸಿಕೊಳ್ಳಿ. ಬಿಳಿಬಾಲದ ಜಿಂಕೆಯೊಂದಕ್ಕೇ ಆದರೆ ದೊಡ್ಡ ಬೋರು ಬೇಕಿಲ್ಲ; 1895ರಿಂದ ನಡೆದುಬಂದಿರುವ .30-30 ಸಾಕಾಗುತ್ತದೆ, ಹೆಗಲಿಗೂ ಹಿತ. ಎಲ್ಕ್, ಮೂಸ್, ದೊಡ್ಡ ಕಪ್ಪು ಕರಡಿ ಅಥವಾ ಕಂದು ಕರಡಿಯಿರುವ ನಾಡಿನಲ್ಲಿ ನಡೆದಾಡುವವರಿಗೆ ದೊಡ್ಡ ಬೋರಿನ ಪ್ರಯೋಜನ ಸ್ಪಷ್ಟ. ಅಗಲವಾದ, ಭಾರವಾದ ಗುಂಡು ಮೂಳೆಗೆ ತಾಗಿದರೂ ದಾರಿ ಬಿಡದೆ ಮುಂದುವರಿಯುತ್ತದೆ ಮತ್ತು ಅನೇಕ ಸಲ ಆಚೆ ಬದಿಯಿಂದ ಹೊರಗೆ ಬರುತ್ತದೆ. ಎರಡೂ ಬದಿ ಗಾಯವಾದರೆ ನೆತ್ತರಿನ ಜಾಡು ದಟ್ಟವಾಗಿರುತ್ತದೆ. ಜರೀಗಿಡಗಳ ಮೇಲೆ ಮಳೆ ಸುರಿಯುತ್ತಿರುವಾಗ, ಆ ಜಾಡು ಅರ್ಧ ಗಂಟೆಯಲ್ಲಿ ತೊಳೆದುಹೋಗುವ ಕಾಡಿನಲ್ಲಿ, ಗಾಯಗೊಂಡ ಪ್ರಾಣಿಯನ್ನು ಹುಡುಕಿ ನೋವಿನಿಂದ ಬಿಡಿಸಲು ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ರೈಫಲ್ ತಾಳುವುದೆಷ್ಟು?

ಇದು ಈ ಲೇಖನದ ಅತಿ ಮುಖ್ಯ ಭಾಗ, ದಯವಿಟ್ಟು ನಿಧಾನವಾಗಿ ಓದಿ. ದೊಡ್ಡ ಬೋರಿನ ಲಿವರ್ ಆ್ಯಕ್ಷನ್ ಎಂದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಹೆಸರು .45-70 ಗವರ್ನಮೆಂಟ್. ಅಮೆರಿಕದ ಸೈನ್ಯ 1873ರಲ್ಲಿ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಎಂಬ ಒಂಟಿ ತೋಟಾದ ಕೋವಿಯ ಜತೆಗೆ ಇದನ್ನು ತಂದಿತು; 45 ಎಂಬುದು ಅಂಗುಲದ ನೂರನೇ ಭಾಗಗಳಲ್ಲಿ ಬೋರಿನ ಅಳತೆ, 70 ಎಂಬುದು ಅದರಲ್ಲಿ ತುಂಬುತ್ತಿದ್ದ ಕಪ್ಪು ಮದ್ದಿನ ಗ್ರೇನ್ ಲೆಕ್ಕ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1886 ಇದನ್ನು ಲಿವರ್ ಆ್ಯಕ್ಷನ್‌ಗೆ ತಂದಿತು. ಆ ಕಾಲದ ಕೋವಿಗಳು ಇಂದಿಗೂ ಜನರ ಮನೆಗಳಲ್ಲಿವೆ, ಹೊಸ ರೈಫಲ್‌ಗಳೂ ಅದೇ ಹೆಸರಿನ ತೋಟಾಕ್ಕೇ ತಯಾರಾಗುತ್ತಿವೆ. ಆದ್ದರಿಂದ ಹೆಸರು ಒಂದೇ ಆದರೂ ಅದರೊಳಗೆ ಮೂರು ಬೇರೆ ಬೇರೆ ತೋಟಾಗಳಿವೆ ಎಂದು ತಿಳಿಯಬೇಕು.

ಮೊದಲನೆಯದು ಹಳೆಯ ಟ್ರ್ಯಾಪ್‌ಡೋರ್ ಕೋವಿಯನ್ನು ಗಮನದಲ್ಲಿಟ್ಟುಕೊಂಡು ಮಾಡಿದ ತೋಟಾ. ದೊಡ್ಡ ಕಾರ್ಖಾನೆಗಳ ಸಾಮಾನ್ಯ ತೋಟಾಗಳು ಪಾಲಿಸುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 28,000 ಪೌಂಡ್. ಎರಡನೆಯದು ಆಧುನಿಕ ಲಿವರ್ ಆ್ಯಕ್ಷನ್‌ಗಳಿಗೆ, ಉದಾಹರಣೆಗೆ ಮಾರ್ಲಿನ್ ಕಂಪನಿ 1972ರ ನಂತರ ತಯಾರಿಸಿದ 1895 ಎಂಬ ಹೆಸರಿನ ಮಾದರಿಗೆ, ಮಾಡಿದ ಬಲವಾದ ತೋಟಾ. ಅದರ ಒತ್ತಡ ಸುಮಾರು 40,000ದ ಆಸುಪಾಸಿನಲ್ಲಿರುತ್ತದೆ. ಮೂರನೆಯದು ರೂಗರ್ ನಂಬರ್ 1ರಂಥ ಅತಿ ಗಟ್ಟಿಯಾದ ಒಂಟಿ ತೋಟಾ ರೈಫಲ್‌ಗಳಿಗೆ ಮಾತ್ರ ಮೀಸಲು. ಅದನ್ನು ಯಾವ ಲಿವರ್ ಆ್ಯಕ್ಷನ್‌ನಲ್ಲೂ ಹಾಕಕೂಡದು. ಈ ಮೂರೂ ತೋಟಾಗಳು ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ, ಮೂರೂ ಒಂದೇ ಚೇಂಬರಿನೊಳಗೆ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು) ಸಲೀಸಾಗಿ ಇಳಿಯುತ್ತವೆ.

ಒಮ್ಮೆ ಶೂಟಿಂಗ್ ರೇಂಜಿನಲ್ಲಿ ಪರಿಚಿತರೊಬ್ಬರು ಪಕ್ಕದ ಮೇಜಿನಲ್ಲಿ ತಮ್ಮ ಮಾವನಿಂದ ಬಂದ ಹಳೆಯ ಟ್ರ್ಯಾಪ್‌ಡೋರ್ ಕೋವಿಯನ್ನು ಬಟ್ಟೆಯ ಮೇಲೆ ಮಲಗಿಸಿ, ಅಂದೇ ಬೆಳಿಗ್ಗೆ ಕೊಂಡ ತೋಟಾದ ಡಬ್ಬಿಯನ್ನು ಬಿಚ್ಚುತ್ತಿದ್ದರು. ಯಾವ ಕೋವಿಗೆಂದು ಅಂಗಡಿಯಲ್ಲಿ ಅವರನ್ನು ಕೇಳಿರಲಿಲ್ಲ. ನಾನು ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಬೆಲೆಯ ಚೀಟಿ ಅಂಟಿಸಿದ್ದ ಬದಿಯಲ್ಲಿ, ಚೀಟಿಯ ಅಂಚಿನಡಿ ಅರ್ಧ ಮುಚ್ಚಿಹೋಗಿದ್ದ ಸಣ್ಣ ಅಕ್ಷರಗಳಲ್ಲಿ, ಇದು ಆಧುನಿಕ ರೈಫಲ್‌ಗಳಿಗೆ ಮಾತ್ರ, ಟ್ರ್ಯಾಪ್‌ಡೋರ್‌ಗೆ ಸಲ್ಲದು ಎಂದು ಅಚ್ಚಾಗಿತ್ತು. ಚೀಟಿಯನ್ನು ಉಗುರಿನಿಂದ ಕಿತ್ತು ಅವರಿಗೆ ತೋರಿಸಿದೆ. ಆಗಲೇ ಒಂದು ತೋಟಾ ಅವರ ಬೆರಳುಗಳ ನಡುವೆ ಇತ್ತು. ಅವರು ಏನೂ ಮಾತನಾಡದೆ ಅದನ್ನು ಮತ್ತೆ ಡಬ್ಬಿಯೊಳಗೆ ಇಟ್ಟರು. ಆ ಕೋವಿ ಒಡೆದಿದ್ದರೆ ಮುಖಕ್ಕೆ ಎರಡು ಗೇಣು ದೂರದಲ್ಲಿ ಒಡೆಯುತ್ತಿತ್ತು.

ಆದ್ದರಿಂದ ತೋಟಾ ಕೊಳ್ಳುವ ಮೊದಲು ರೈಫಲ್‌ನ ಮಾಡೆಲ್, ತಯಾರಾದ ಕಾಲ, ನಳಿಗೆಯ ಮೇಲೆ ಕೊರೆದ ತೋಟಾದ ಹೆಸರು ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಹಳೆಯ ರೈಫಲ್ ಆದರೆ ತಿಳಿದ ಕೋವಿ ಕಮ್ಮಾರರಿಂದ ಪರೀಕ್ಷೆ ಮಾಡಿಸಿ. 1873ರ ವಿಂಚೆಸ್ಟರ್ ಮಾದರಿಯ ಇಂದಿನ ಪ್ರತಿಕೃತಿಗಳನ್ನು ಇಟ್ಟುಕೊಂಡವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅವುಗಳೊಳಗಿನ ಮಡಚುವ ಕೊಂಡಿಯಂಥ ಬೀಗ ಹೆಚ್ಚಿನ ಒತ್ತಡಕ್ಕೆ ಮಾಡಿದ್ದಲ್ಲ. ಅಂಥ ಹಲವು ಪ್ರತಿಕೃತಿಗಳಲ್ಲಿ ಬಳಸುವ .45 ಕೋಲ್ಟ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಕೇವಲ 14,000 ಪೌಂಡ್, ಆದರೆ ಅದೇ ಹೆಸರಿನಲ್ಲಿ ಗಟ್ಟಿ ರಿವಾಲ್ವರ್‌ಗಳಿಗಾಗಿ ಮಾಡಿದ ಬಿರುಸಾದ ತೋಟಾಗಳೂ ಮಾರಾಟವಾಗುತ್ತವೆ.

.45-70ರ ಗೊಂದಲವನ್ನು ಬಗೆಹರಿಸಲೆಂದೇ 2000ದಲ್ಲಿ ಮಾರ್ಲಿನ್ ಮತ್ತು ಹಾರ್ನಡಿ ಕಂಪನಿಗಳು ಸೇರಿ .450 ಮಾರ್ಲಿನ್ ಎಂಬ ತೋಟಾ ತಂದವು. ಮದ್ದು ತುಂಬುವ ಹಿತ್ತಾಳೆಯ ಚಿಪ್ಪಾದ ಕೇಸಿನ ಬುಡದಲ್ಲಿ ಅಗಲವಾದ ಪಟ್ಟಿಯಿರುವುದರಿಂದ ಅದು ಹಳೆಯ .45-70 ಕೋವಿಯೊಳಗೆ ಹೋಗುವುದೇ ಇಲ್ಲ. 350 ಗ್ರೇನ್ ಗುಂಡಿಗೆ ಸೆಕೆಂಡಿಗೆ 2100 ಅಡಿ ವೇಗ ಕೊಡುವ ಒಳ್ಳೆಯ ತೋಟಾ ಅದು. ಆದರೆ ಜನ .45-70 ಅನ್ನು ಬಿಡಲಿಲ್ಲ. ಇಂದು .450 ಮಾರ್ಲಿನ್ ತೋಟಾ ಹುಡುಕುವುದೇ ಒಂದು ಕೆಲಸ, ಹಾಗಾಗಿ ಕೇಸಿಗೆ ಮದ್ದು, ಗುಂಡು ತುಂಬಿ ಮನೆಯಲ್ಲೇ ತೋಟಾ ತಯಾರಿಸಿಕೊಳ್ಳುವವರನ್ನು ಬಿಟ್ಟು ಬೇರೆಯವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಎದುರಿಗಿರುವ ಆಯ್ಕೆಗಳು

ಮೊದಲ ದೊಡ್ಡ ಬೋರಿನ ರೈಫಲ್ ಕೊಳ್ಳುವವರಿಗೆ ನನ್ನ ಸಲಹೆ ಆಧುನಿಕ .45-70. ಮೆತ್ತನೆಯ ತೋಟಾದಿಂದ ಹಿಡಿದು ಕರಡಿಯನ್ನು ತಡೆಯುವ ತೋಟಾದವರೆಗೆ ಎಲ್ಲವೂ ಒಂದೇ ರೈಫಲ್‌ನಲ್ಲಿ ನಡೆಯುತ್ತದೆ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಮಾರ್ಲಿನ್ ಹೆಸರನ್ನು 2020ರಲ್ಲಿ ರೂಗರ್ ಕಂಪನಿ ಕೊಂಡುಕೊಂಡ ಮೇಲೆ 1895 ಮಾದರಿ ಮತ್ತೆ ತಯಾರಾಗುತ್ತಿದೆ. ಹೆನ್ರಿ ಕಂಪನಿಯ ರೈಫಲ್‌ಗಳೂ ಇವೆ.

.444 ಮಾರ್ಲಿನ್ 1964ರಲ್ಲಿ ಬಂತು. 240 ಗ್ರೇನ್ ಗುಂಡು ಸೆಕೆಂಡಿಗೆ 2350 ಅಡಿ ವೇಗದಲ್ಲಿ ಹೋಗುವುದರಿಂದ ಅದರ ದಾರಿ .45-70ಕ್ಕಿಂತ ಚಪ್ಪಟೆಯಾಗಿರುತ್ತದೆ. ಅದರ ಆರಂಭದ ದಿನಗಳ ಕೊರತೆ ಗುಂಡಿನಲ್ಲಿತ್ತು, ತೋಟಾದಲ್ಲಲ್ಲ. .44 ಮ್ಯಾಗ್ನಮ್ ಪಿಸ್ತೂಲಿಗೆಂದು ಮಾಡಿದ ಗುಂಡನ್ನು ಅಷ್ಟು ವೇಗದಲ್ಲಿ ಕಳಿಸಿದಾಗ ಅದು ಪ್ರಾಣಿಯೊಳಗೆ ಬೇಗ ಅರಳಿ ನಿಂತುಬಿಡುತ್ತಿತ್ತು. ಮುಂದೆ ಹಾರ್ನಡಿ 265 ಗ್ರೇನ್‌ನ ಗಟ್ಟಿ ಗುಂಡು ತಂದಾಗ ಆ ಕೊರತೆ ನೀಗಿತು. ಹಳೆಯ .444 ಕೊಳ್ಳುವವರು ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಗೆರೆಗಳ ಸುತ್ತನ್ನು ವಿಚಾರಿಸಬೇಕು. ಮೊದಲಿನ ರೈಫಲ್‌ಗಳಲ್ಲಿ 38 ಅಂಗುಲಕ್ಕೆ ಒಂದು ಸುತ್ತು ಇರುತ್ತಿತ್ತು, ಅದು ಉದ್ದನೆಯ ಭಾರಿ ಗುಂಡುಗಳನ್ನು ಸರಿಯಾಗಿ ತಿರುಗಿಸಲಾರದು.

.44 ಮ್ಯಾಗ್ನಮ್ ಪಿಸ್ತೂಲಿನ ತೋಟಾ ಎಂದು ಕಡೆಗಣಿಸಬೇಡಿ. ಇಪ್ಪತ್ತು ಅಂಗುಲದ ನಳಿಗೆಯಲ್ಲಿ ಅದರ ವೇಗ ಸಾಕಷ್ಟು ಏರುತ್ತದೆ. ನೂರು ಗಜದೊಳಗೆ ಜಿಂಕೆಗೂ ಕಾಡುಹಂದಿಗೂ ಅದು ಸಾಕು, ಒದೆತವೂ ಕಡಿಮೆ. ಎಲ್ಕ್ ಮತ್ತು ಮೂಸ್‌ಗೆ ನಾನು ಅದನ್ನು ಒಯ್ಯುವುದಿಲ್ಲ.

ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂರದೆ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕೂರುವ ಲಿವರ್ ಆ್ಯಕ್ಷನ್‌ಗಳೂ ಇವೆ. 1904ರಲ್ಲಿ ಬಂದ .405 ವಿಂಚೆಸ್ಟರ್ ಇಂಥ ವಿಂಚೆಸ್ಟರ್ 1895 ರೈಫಲ್‌ಗಾಗಿ ಹುಟ್ಟಿದ್ದು. ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಪ್ರವಾಸಕ್ಕೆ ಒಯ್ದ ಕೋವಿಗಳಲ್ಲಿ ಇದೂ ಒಂದು. ಬ್ರೌನಿಂಗ್ ಬಿಎಲ್‌ಆರ್ ರೈಫಲ್‌ನಲ್ಲಿ .358 ವಿಂಚೆಸ್ಟರ್ ಸಿಗುತ್ತಿತ್ತು. ಎಲ್ಲಾದರೂ ಒಳ್ಳೆಯ ಸ್ಥಿತಿಯ ರೈಫಲ್ ಕಂಡರೆ ಬಿಡಬೇಡಿ.

ಗುಂಡಿನ ಮೂತಿ ಮತ್ತು ತೂಕ

ಕೊಳವೆ ಮ್ಯಾಗಜೀನಿನಲ್ಲಿ ಒಂದು ತೋಟಾದ ಮೂತಿ ಅದರ ಮುಂದಿನ ತೋಟಾದ ಬುಡಕ್ಕೆ, ಸರಿಯಾಗಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಇರುವ ಜಾಗಕ್ಕೆ, ತಾಗಿಕೊಂಡಿರುತ್ತದೆ. ಗಟ್ಟಿಯಾದ ಚೂಪು ಮೂತಿಯ ಗುಂಡು ಹಾಕಿದರೆ, ರೈಫಲ್ ಒದ್ದಾಗ ಹಿಂದಿನ ಗುಂಡಿನ ಮೊನೆ ಮುಂದಿನ ಪ್ರೈಮರಿಗೆ ಬಡಿದು, ಎಡಗೈ ಹಿಡಿದಿರುವ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿಯ ಗುಂಡು, ಇಲ್ಲವೇ ಒತ್ತಿದರೆ ಬಾಗುವ ಮೆತ್ತನೆ ಪಾಲಿಮರ್ ಮೊನೆಯಿದ್ದು ಕೊಳವೆ ಮ್ಯಾಗಜೀನಿಗೆ ಎಂದೇ ತಯಾರಿಸಿದ ಗುಂಡು, ಇವೆರಡನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ. ಮನೆಯಲ್ಲಿ ತೋಟಾ ತುಂಬುವವರು ಇನ್ನೊಂದು ವಿಷಯ ಗಮನಿಸಬೇಕು: ಹಾರ್ನಡಿಯ ಮೆತ್ತನೆ ಮೊನೆಯ .45-70 ತೋಟಾದ ಕೇಸು ಸಾಮಾನ್ಯ ಕೇಸಿಗಿಂತ ಕೊಂಚ ಗಿಡ್ಡ, ಅವೆರಡನ್ನೂ ಬೆರೆಸಿಡಬಾರದು.

ತೂಕದ ವಿಚಾರದಲ್ಲಿ ನಾನು ಅನುಸರಿಸುವ ಲೆಕ್ಕ ಸರಳ. .45-70ರಲ್ಲಿ ಜಿಂಕೆಗೆ 300 ಗ್ರೇನ್ ಸಾಕು. ಎಲ್ಕ್ ಮತ್ತು ಮೂಸ್‌ಗೆ 350ರಿಂದ 405 ಗ್ರೇನ್‌ನ, ಒಳಗಿನ ಸೀಸ ಹೊರಗಿನ ತಾಮ್ರಕ್ಕೆ ಬಿಗಿಯಾಗಿ ಬೆಸೆದಿರುವ ಗುಂಡು ಬೇಕು. ದೊಡ್ಡ ಕರಡಿಯಿರುವ ನಾಡಿನಲ್ಲಿ 400 ಗ್ರೇನಿಗಿಂತ ಹೆಚ್ಚಿನ, ಗಟ್ಟಿ ಮಿಶ್ರಲೋಹದಲ್ಲಿ ಎರಕ ಹೊಯ್ದ, ಅಗಲ ಚಪ್ಪಟೆ ಮೂತಿಯ ಗುಂಡನ್ನು ಅನುಭವಿಗಳು ಮೆಚ್ಚುತ್ತಾರೆ, ಏಕೆಂದರೆ ಅದು ಅರಳದೆ ಭುಜದ ಮೂಳೆಯನ್ನು ಮುರಿದು ಆಳಕ್ಕೆ ಹೋಗುತ್ತದೆ. ಅದೇ ಗುಂಡನ್ನು ಜಿಂಕೆಗೆ ಹೊಡೆದರೆ ಅರಳದೆ ಹಾದುಹೋಗುತ್ತದೆ, ಜಿಂಕೆ ದೂರ ಓಡುವ ಸಾಧ್ಯತೆ ಹೆಚ್ಚು. ಆಚೆ ಹೊರಬಂದ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಪ್ರಾಣಿಯ ಹಿಂದೆ ದಿಬ್ಬವಿಲ್ಲದಿದ್ದರೆ ಟ್ರಿಗರ್ ಮುಟ್ಟಬೇಡಿ.

ಹೆಗಲು ತಾಳುವುದೆಷ್ಟು

ಏಳೂಕಾಲು ಪೌಂಡಿನ ರೈಫಲ್‌ನಲ್ಲಿ ಹಳೆಯ ಮಾದರಿಯ 405 ಗ್ರೇನ್ ತೋಟಾದ ಒದೆತ ನನ್ನ ಲೆಕ್ಕದ ಪ್ರಕಾರ ಸುಮಾರು ಇಪ್ಪತ್ತು ಅಡಿ-ಪೌಂಡ್ ಬರುತ್ತದೆ. ಅದೇ ರೈಫಲ್‌ನಲ್ಲಿ 430 ಗ್ರೇನ್ ಗುಂಡನ್ನು ಸೆಕೆಂಡಿಗೆ 1925 ಅಡಿ ವೇಗದಲ್ಲಿ ಕಳಿಸುವ ಬಿರುಸಾದ ತೋಟಾ ಹಾಕಿದರೆ ಒದೆತ ಅದರ ಎರಡು ಪಟ್ಟಿಗೂ ಹೆಚ್ಚು. ಮೇಜಿನ ಮುಂದೆ ಕುಳಿತು ಇಂಥ ಹತ್ತು ತೋಟಾ ಹಾರಿಸಿದವರ ಹೆಗಲು ಮರುದಿನ ನೀಲಿಗಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಹೆಗಲು ಹಿಂದೆಗೆಯುವ ಅಭ್ಯಾಸ. ಒಮ್ಮೆ ಅಂಟಿಕೊಂಡರೆ ಅದು ತಿಂಗಳುಗಟ್ಟಲೆ ಬಿಡುವುದಿಲ್ಲ. ಗೆಳೆಯರೊಬ್ಬರಿಂದ ನಿಮಗೆ ತಿಳಿಯದಂತೆ ಕೆಲವು ಸಲ ಖಾಲಿ ತೋಟಾ, ಕೆಲವು ಸಲ ನಿಜವಾದ ತೋಟಾ ತುಂಬಿಸಿಕೊಂಡು ನೋಡಿ. ಖಾಲಿ ತೋಟಾಕ್ಕೆ ಟ್ರಿಗರ್ ಎಳೆದಾಗ ನಳಿಗೆಯ ತುದಿ ಕೆಳಗೆ ಬಾಗಿದರೆ ನಿಮ್ಮ ತೋಟಾ ನಿಮಗೆ ಹೆಚ್ಚಾಯಿತು ಎಂದೇ ಅರ್ಥ. ಮೃದು ರಬ್ಬರಿನ ಪ್ಯಾಡ್ ಹಾಕಿಸಿ, ಮೆತ್ತನೆಯ ತೋಟಾದಲ್ಲಿ ಅಭ್ಯಾಸ ಮಾಡಿ, ಶಿಕಾರಿಯ ತೋಟಾವನ್ನು ಒಂದು ದಿನಕ್ಕೆ ಆರಕ್ಕಿಂತ ಹೆಚ್ಚು ಹಾರಿಸಬೇಡಿ.

ಡಬ್ಬಿ ಕೊಳ್ಳುವ ಮುನ್ನ ಕಾನೂನು

ಮಿಷಿಗನ್ ರಾಜ್ಯದ ದಕ್ಷಿಣದ ಸೀಮಿತ ವಲಯಕ್ಕೆ ಬರೆದ ಜಿಂಕೆ ಬೇಟೆಯ ನಿಯಮ .35 ಅಥವಾ ಅದಕ್ಕಿಂತ ದೊಡ್ಡ ಬೋರಿನ, ನೇರ ಗೋಡೆಯ ಕೇಸುಳ್ಳ ತೋಟಾಗಳಿಗೆ ಮಾತ್ರ ಅವಕಾಶ ಕೊಟ್ಟು, ಕೇಸಿನ ಉದ್ದ 1.16ರಿಂದ 1.80 ಅಂಗುಲದೊಳಗಿರಬೇಕು ಎಂದಿತು. .45-70ರ ಕೇಸು ನೇರ ಗೋಡೆಯದೇ, ಆದರೆ ಉದ್ದ 2.105 ಅಂಗುಲ, ಆದ್ದರಿಂದ ಅದು ಆ ನಿಯಮದ ಹೊರಗೆ ಉಳಿಯಿತು; .44 ಮ್ಯಾಗ್ನಮ್ ಒಳಗೆ ಬಂತು. 2023ರಲ್ಲಿ ರೆಮಿಂಗ್ಟನ್ ತಂದ .360 ಬಕ್‌ಹ್ಯಾಮರ್‌ನ ಕೇಸು ಸರಿಯಾಗಿ 1.80 ಅಂಗುಲ ಇರುವುದು ಆಕಸ್ಮಿಕವಲ್ಲ. ಒಹಾಯೋದಲ್ಲಿ ಇಂಥ ಉದ್ದದ ಕಟ್ಟುಪಾಡಿಲ್ಲದ ಕಾರಣ .45-70 ಸಲ್ಲುತ್ತದೆ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಪ್ರತಿ ವರ್ಷ ರಾಜ್ಯದ ವನ್ಯಜೀವಿ ಇಲಾಖೆ ಹೊರಡಿಸುವ ಹೊಸ ಕೈಪಿಡಿಯನ್ನೇ ಓದಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ, ಅಲ್ಲಿ ಪೂರ್ತಿ ತಾಮ್ರದಂಥ ಸೀಸವಿಲ್ಲದ ಗುಂಡನ್ನೇ ಕೊಳ್ಳಬೇಕು.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದರಿಂದ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದ ಮರುದಿನವೂ ತೋಟಾ ಕಪಾಟಿನಲ್ಲಿದ್ದರೆ ತೊಂದರೆಗೆ ಸಿಲುಕಬಹುದು, ವೀಸಾವೂ ಅಪಾಯಕ್ಕೆ ಬೀಳಬಹುದು. ವಕೀಲರನ್ನು ಕೇಳಿದ ಮೇಲೆಯೇ ಅಂಗಡಿಗೆ ಹೋಗಿ. ಅಲಾಸ್ಕಾಕ್ಕೆ ಹೋಗಬೇಕೆಂದಿರುವವರು ತಿಳಿಯಬೇಕಾದದ್ದು: ಅಮೆರಿಕದ ಪೌರತ್ವವಿಲ್ಲದ ಹೊರಗಿನವರು ಅಲ್ಲಿ ಯಾವ ದೊಡ್ಡ ಪ್ರಾಣಿಯನ್ನು ಬೇಟೆಯಾಡಬೇಕಾದರೂ ಮಾರ್ಗದರ್ಶಕರು ಜತೆಗಿರಲೇಬೇಕು.

ಕೊಂಡ ಮೇಲೆ

ಇಷ್ಟಾದ ಮೇಲೆ ನಿಮ್ಮ ರೈಫಲ್‌ಗೆ ಹೊಂದುವ ಎರಡು ಮೂರು ಬಗೆಯ ತೋಟಾಗಳ ಒಂದೊಂದು ಡಬ್ಬಿ ತನ್ನಿ. ಲಿವರ್ ಆ್ಯಕ್ಷನ್‌ಗಳಿಗೆ ಗುಂಡಿನ ಮೂತಿಯ ಆಕಾರ ಮತ್ತು ತೋಟಾದ ಒಟ್ಟು ಉದ್ದದ ಬಗ್ಗೆ ತಮ್ಮದೇ ಇಷ್ಟಾನಿಷ್ಟಗಳಿರುತ್ತವೆ. ರೇಂಜಿನಲ್ಲಿ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೆ ಹಿಡಿದು, ಕೊಳವೆ ಪೂರ್ತಿ ತುಂಬಿ, ಶಿಕಾರಿಯಲ್ಲಿ ಎಳೆಯುವಷ್ಟೇ ಬಿರುಸಾಗಿ ಲಿವರ್ ಎಳೆದು ಒಂದೊಂದಾಗಿ ಹಾರಿಸಿ. ಅಗಲ ಮೂತಿಯ ಗುಂಡುಗಳು ಕೆಲವು ರೈಫಲ್‌ಗಳಲ್ಲಿ ಚೇಂಬರಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ, ಮೂರನೆಯ ತೋಟಾಕ್ಕೆ ಲಿವರ್ ಅರ್ಧದಲ್ಲಿ ನಿಂತರೆ ಆ ಡಬ್ಬಿ ನಿಮಗಲ್ಲ. ಸಲೀಸಾಗಿ ಹೋದವುಗಳಲ್ಲಿ ಐವತ್ತು ಮತ್ತು ನೂರು ಗಜದಲ್ಲಿ ಯಾವುದು ಒತ್ತಾಗಿ ಗುಂಪುಗೂಡುತ್ತದೆಯೋ ಅದನ್ನು ಆರಿಸಿ. ಅದೇ ಲಾಟ್ ನಂಬರಿನ, ಅಂದರೆ ಒಂದೇ ಸಲ ತಯಾರಾದ, ನಾಲ್ಕೈದು ಡಬ್ಬಿ ಒಟ್ಟಿಗೆ ಕೊಂಡು, ಗುರಿ ಹಿಡಿಯುವ ದೃಷ್ಟಿಪಟ್ಟಿಯನ್ನು ಅದಕ್ಕೇ ಸರಿಹೊಂದಿಸಿ. ತೋಟಾದ ಹೆಸರು, ಗುಂಡಿನ ತೂಕ, ಲಾಟ್ ನಂಬರ್, ನೂರು ಗಜದಲ್ಲಿ ಎಷ್ಟು ಅಂಗುಲ ಮೇಲೆ ಎಂಬುದನ್ನು ಚಿಕ್ಕ ಚೀಟಿಯಲ್ಲಿ ಬರೆದು ರೈಫಲ್‌ನ ಚೀಲದೊಳಗೆ ಅಂಟಿಸಿಡಿ. ನನ್ನ ಚೀಟಿ ಮಳೆಗೆ ನೆನೆದು ಎರಡು ಸಲ ಅಳಿಸಿಹೋದ ಮೇಲೆ ಈಗ ಅದನ್ನು ಪೆನ್ಸಿಲಿನಲ್ಲಿ ಬರೆದು ಪ್ಲಾಸ್ಟಿಕ್ ಟೇಪು ಸುತ್ತಿಡುತ್ತೇನೆ.